ಹೋಮ್ ರನ್ ದಾಖಲೆಗಳ ಹಿಂದೆ ಸ್ಟೀರಾಯ್ಡ್: ಬೇಸ್‌ಬಾಲ್ ಅಭಿಮಾನಿಗಳ ಸಿಟ್ಟಿನಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು?

ಒಬ್ಬನೇ ಆಟಗಾರನ ಎರಡು ಫೋಟೊ. ಎಡಗಡೆ ಸಪೂರ ಹುಡುಗ, ಬಲಗಡೆ ಗೂಳಿಯಂಥ ಭುಜದ ಗಂಡಸು. ಕೆಳಗೆ ‘ಎಲ್ಲ ಒಂದು ಇಂಜೆಕ್ಷನ್ ಮಹಿಮೆ’ ಎಂದೋ, ‘ವಿದೇಶದಲ್ಲಿ ಎಲ್ಲರೂ ಔಷಧಿ ತಗೊಂಡೇ ಗೆಲ್ಲೋದು’ ಎಂದೋ ಒಂದು ಸಾಲು. ಇಂಥ ಸಂದೇಶ ನಿಮ್ಮ ಫೋನಿಗೂ ಬಂದಿರಬಹುದು. ನೀವೂ ನಾಲ್ಕು ಜನಕ್ಕೆ ಕಳಿಸಿರಬಹುದು.

ಇಂಥ ಸಂದೇಶಗಳಲ್ಲಿ ಒಂದು ಹಿಡಿ ಸತ್ಯ ಇರುತ್ತದೆ, ಒಂದು ಮೂಟೆ ಸುಳ್ಳು ಇರುತ್ತದೆ. ಎರಡನ್ನೂ ಬೇರ್ಪಡಿಸಲು ಅಮೆರಿಕದ ವೃತ್ತಿಪರ ಬೇಸ್‌ಬಾಲ್‌ಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಅಲ್ಲಿ ಸ್ಟೀರಾಯ್ಡ್ ಬರೀ ಗಾಳಿಸುದ್ದಿಯಾಗಿ ಉಳಿಯಲಿಲ್ಲ. ಸಂಸತ್ತಿನ ವಿಚಾರಣೆ ನಡೆಯಿತು, ನೂರಾರು ಪುಟಗಳ ವರದಿ ಬಂತು, ದೊಡ್ಡ ದೊಡ್ಡ ಆಟಗಾರರು ಬಾಯಿಬಿಟ್ಟು ಒಪ್ಪಿಕೊಂಡರು. ಇಷ್ಟಾದರೂ ಅಲ್ಲಿನ ಅಭಿಮಾನಿಗಳ ಸಿಟ್ಟು ಇನ್ನೂ ಆರಿಲ್ಲ. ಯಾಕೆ? ಹಾಗೂ ಸ್ಟೀರಾಯ್ಡ್ ಬಗ್ಗೆ ನಾವು ನಂಬಿರುವುದರಲ್ಲಿ ಯಾವುದು ಸರಿ, ಯಾವುದು ತಪ್ಪು? ಒಂದೊಂದಾಗಿ ನೋಡೋಣ.

ಮೊದಲು ಆಟದ ಬಗ್ಗೆ ಎರಡು ಮಾತು

ಬೇಸ್‌ಬಾಲ್ ನೋಡದವರಿಗೂ ‘ಹೋಮ್ ರನ್’ ಪದ ಗೊತ್ತಿರುತ್ತದೆ. ಕ್ರಿಕೆಟ್‌ನ ಸಿಕ್ಸರ್‌ನಂತೆ, ಚೆಂಡನ್ನು ಮೈದಾನದ ಬೇಲಿಯಾಚೆಗೆ ಹೊಡೆಯುವುದು. ಆದರೆ ಇದು ಸಿಕ್ಸರ್‌ನಷ್ಟು ಸುಲಭವಾಗಿ ಬರುವುದಿಲ್ಲ. ಒಂದು ಋತುವಿನಲ್ಲಿ ಪ್ರತಿ ತಂಡ 162 ಪಂದ್ಯ ಆಡುತ್ತದೆ. ಅಷ್ಟರಲ್ಲಿ ಒಬ್ಬ ಆಟಗಾರ 40 ಹೋಮ್ ರನ್ ಹೊಡೆದರೆ ಅವನು ದೊಡ್ಡ ಹೊಡೆತಗಾರ.

ಬೇಸ್‌ಬಾಲ್ ಅಂಕಿಗಳ ಆಟ. ಅಜ್ಜ, ಅಪ್ಪ, ಮೊಮ್ಮಗ ಮೂವರೂ ಕೂತು ಮಾತಾಡುವುದು ಈ ಅಂಕಿಗಳನ್ನೇ. 1927ರಲ್ಲಿ ಬೇಬ್ ರೂತ್ ಒಂದೇ ಋತುವಿನಲ್ಲಿ 60 ಹೋಮ್ ರನ್ ಹೊಡೆದರು. 1961ರಲ್ಲಿ ರೋಜರ್ ಮ್ಯಾರಿಸ್ 61 ಹೊಡೆದು ಅದನ್ನು ಮುರಿದರು. ಅಲ್ಲಿಂದ 37 ವರ್ಷ ಆ 61 ಹಾಗೇ ಇತ್ತು.

ಇನ್ನೊಂದು ಅಂಕಿ, ಇಡೀ ವೃತ್ತಿಜೀವನದ ಹೋಮ್ ರನ್‌ಗಳದ್ದು. ಬೇಬ್ ರೂತ್ ಅವರದು 714. ಅದನ್ನು 1974ರ ಏಪ್ರಿಲ್ 8ರಂದು ಹ್ಯಾಂಕ್ ಆರನ್ ದಾಟಿದರು. ಆರನ್ ಕಪ್ಪು ವರ್ಣದವರು. ಬಿಳಿಯ ಆಟಗಾರನ ದಾಖಲೆ ಮುರಿಯಲು ಹೊರಟಿದ್ದಾರೆ ಎಂಬ ಒಂದೇ ಕಾರಣಕ್ಕೆ ಅವರಿಗೆ ರಾಶಿ ರಾಶಿ ಬೈಗುಳದ ಪತ್ರಗಳು, ಕೊಲೆ ಬೆದರಿಕೆಗಳು ಬಂದವು. ಅದನ್ನೆಲ್ಲ ನುಂಗಿಕೊಂಡು ಆಡಿ ಅವರು 755ಕ್ಕೆ ನಿಲ್ಲಿಸಿದರು. ಹಾಗಾಗಿ ಅಲ್ಲಿನ ಅಭಿಮಾನಿಗೆ 755 ಎಂದರೆ ಒಬ್ಬ ಮನುಷ್ಯ ಪಟ್ಟ ಪಾಡಿನ ಇನ್ನೊಂದು ಹೆಸರು. ಇದು ಅರ್ಥವಾದರೆ ಮುಂದಿನ ಸಿಟ್ಟೂ ಅರ್ಥವಾಗುತ್ತದೆ.

1998ರಲ್ಲಿ ಆದದ್ದೇನು?

1994ರ ಆಗಸ್ಟ್‌ನಲ್ಲಿ ಆಟಗಾರರು ಮುಷ್ಕರ ಹೂಡಿದರು. ಸಂಬಳದ ಜಗಳ ಬಗೆಹರಿಯದೆ ಆ ವರ್ಷದ ಅಂತಿಮ ಸರಣಿಯೇ ರದ್ದಾಯಿತು. ಕೋಟ್ಯಧಿಪತಿ ಮಾಲೀಕರೂ ಲಕ್ಷಾಧಿಪತಿ ಆಟಗಾರರೂ ದುಡ್ಡಿಗಾಗಿ ಆಟವನ್ನೇ ನಿಲ್ಲಿಸಿದರಲ್ಲ ಎಂದು ಜನ ಬೇಸತ್ತರು. ಮರುವರ್ಷ ಸ್ಟೇಡಿಯಂಗೆ ಬರುವವರ ಸಂಖ್ಯೆ ಇಳಿಯಿತು.

ಜನರನ್ನು ಮತ್ತೆ ಕರೆತಂದದ್ದು 1998ರ ಬೇಸಿಗೆ. ಮಾರ್ಕ್ ಮೆಗ್ವೈರ್ ಮತ್ತು ಸ್ಯಾಮಿ ಸೋಸಾ ಇಬ್ಬರೂ ಪೈಪೋಟಿಗೆ ಬಿದ್ದು ಮ್ಯಾರಿಸ್ ದಾಖಲೆಯತ್ತ ಓಡಿದರು. ಸೆಪ್ಟೆಂಬರ್ 8ರಂದು ಮೆಗ್ವೈರ್ 62ನೇ ಹೋಮ್ ರನ್ ಹೊಡೆದು, ಮೈದಾನದಲ್ಲಿದ್ದ ಮ್ಯಾರಿಸ್ ಮಕ್ಕಳನ್ನು ತಬ್ಬಿಕೊಂಡರು. ದೇಶವೇ ಟಿವಿ ಮುಂದೆ ಕೂತಿತ್ತು. ಋತು ಮುಗಿದಾಗ ಮೆಗ್ವೈರ್ 70, ಸೋಸಾ 66.

ಅದೇ ಆಗಸ್ಟ್‌ನಲ್ಲಿ ಒಬ್ಬ ಸುದ್ದಿಗಾರರು ಮೆಗ್ವೈರ್ ಅವರ ಕಪಾಟಿನಲ್ಲಿ ‘ಆಂಡ್ರೋಸ್ಟೀನ್‌ಡಯೋನ್’ ಎಂಬ ಬಾಟಲಿ ಕಂಡು ವರದಿ ಮಾಡಿದ್ದರು. ದೇಹದಲ್ಲಿ ಟೆಸ್ಟೊಸ್ಟೆರಾನ್ ಆಗಿ ಮಾರ್ಪಡುವ ವಸ್ತು ಅದು. ಒಲಿಂಪಿಕ್ಸ್‌ನಲ್ಲಿ ಆಗಲೇ ನಿಷೇಧವಾಗಿತ್ತು, ಆದರೆ ಅಮೆರಿಕದ ಅಂಗಡಿಗಳಲ್ಲಿ ಯಾರು ಬೇಕಾದರೂ ಕೊಳ್ಳಬಹುದಿತ್ತು. ಬೇಸ್‌ಬಾಲ್‌ನಲ್ಲಿ ಅದರ ಮೇಲೆ ನಿಷೇಧವೂ ಇರಲಿಲ್ಲ, ಪರೀಕ್ಷೆಯೂ ಇರಲಿಲ್ಲ. ತಮಾಷೆಯೆಂದರೆ ಆಗ ಬಹಳ ಜನ ಬೈದದ್ದು ಆಟಗಾರನನ್ನಲ್ಲ, ಕಪಾಟಿನಲ್ಲಿ ಇಣುಕಿದ ಸುದ್ದಿಗಾರನನ್ನು. ಹಬ್ಬದ ಊಟದ ನಡುವೆ ಅನ್ನದಲ್ಲಿ ಕಲ್ಲಿದೆ ಎಂದು ಹೇಳಿದವನ ಮೇಲೆ ಕೋಪ ಬರುವುದಿಲ್ಲವೇ, ಹಾಗೆ.

ಮೂರೇ ವರ್ಷಕ್ಕೆ, 2001ರಲ್ಲಿ, ಬ್ಯಾರಿ ಬಾಂಡ್ಸ್ 73 ಹೊಡೆದರು. ಆ ಋತುವಿನಲ್ಲೇ ಅವರಿಗೆ 37 ತುಂಬಿತ್ತು. ಅದಕ್ಕೂ ಮೊದಲು ಅವರು ಒಂದು ಋತುವಿನಲ್ಲಿ 50 ಮುಟ್ಟಿರಲೇ ಇಲ್ಲ.

ಒಮ್ಮೆ ಲೆಕ್ಕ ಹಾಕಿ. 1998ಕ್ಕಿಂತ ಮೊದಲಿನ ಇಡೀ ಇತಿಹಾಸದಲ್ಲಿ 60 ಮುಟ್ಟಿದ್ದು ಎರಡೇ ಬಾರಿ. 1998ರಿಂದ 2001ರವರೆಗಿನ ನಾಲ್ಕೇ ಋತುಗಳಲ್ಲಿ ಆರು ಬಾರಿ. ಆಮೇಲೆ ಪರೀಕ್ಷೆ, ಶಿಕ್ಷೆ ಬಿಗಿಯಾದವು. 2022ರಲ್ಲಿ ಆರನ್ ಜಡ್ಜ್ 62 ಹೊಡೆಯುವವರೆಗೆ ಮತ್ತೆ ಯಾರೂ 60 ಮುಟ್ಟಲಿಲ್ಲ.

ಗುಟ್ಟು ರಟ್ಟಾದದ್ದು ಹೇಗೆ?

2002ರಲ್ಲಿ ಕೆನ್ ಕ್ಯಾಮಿನಿಟಿ ಎಂಬ ಆಟಗಾರ, ತಾನು ಶ್ರೇಷ್ಠ ಆಟಗಾರ ಪ್ರಶಸ್ತಿ ಗೆದ್ದ 1996ರ ಋತುವಿನಲ್ಲಿ ಸ್ಟೀರಾಯ್ಡ್ ಬಳಸಿದ್ದೆ ಎಂದು ಪತ್ರಿಕೆಯೊಂದಕ್ಕೆ ಹೇಳಿದರು. 2003ರಲ್ಲಿ ಯಾರ ಹೆಸರೂ ಹೊರಗೆ ಬಾರದಂತೆ ಸಮೀಕ್ಷೆಗಾಗಿ ಮಾತ್ರ ಪರೀಕ್ಷೆ ನಡೆಯಿತು. ಶೇ 5ಕ್ಕಿಂತ ಹೆಚ್ಚು ಮಾದರಿಗಳು ಸಿಕ್ಕಿಬಿದ್ದರೆ ಕಡ್ಡಾಯ ಪರೀಕ್ಷೆ ಎಂಬ ಒಪ್ಪಂದವಿತ್ತು. ಆ ಗಡಿ ದಾಟಿತು.

ಅದೇ ವರ್ಷ ಕ್ಯಾಲಿಫೋರ್ನಿಯಾದ ‘ಬಾಲ್ಕೊ’ ಎಂಬ ಸಂಸ್ಥೆಯ ಮೇಲೆ ದಾಳಿಯಾಯಿತು. ಯಾವ ಪರೀಕ್ಷೆಗೂ ಸಿಗದಂತೆ ರೂಪಿಸಿದ ‘ಟಿಎಚ್‌ಜಿ’ ಎಂಬ ಸ್ಟೀರಾಯ್ಡ್ ಅಲ್ಲಿಂದ ಆಟಗಾರರಿಗೆ ಹೋಗುತ್ತಿತ್ತು. 2005ರ ಮಾರ್ಚ್ 17ರಂದು ಅಮೆರಿಕದ ಸಂಸತ್ತಿನ ಸಮಿತಿ ಆಟಗಾರರನ್ನು ಕರೆಸಿತು. ಮೆಗ್ವೈರ್ ಹಿಂದಿನ ವಿಷಯ ಮಾತಾಡಲು ಒಪ್ಪಲಿಲ್ಲ. ರಾಫೆಲ್ ಪಾಲ್ಮೀರೊ ಬೆರಳು ತೋರಿಸಿ, ತಾನು ಎಂದೂ ಸ್ಟೀರಾಯ್ಡ್ ಬಳಸಿಲ್ಲ ಎಂದರು. ನಾಲ್ಕೂವರೆ ತಿಂಗಳಿಗೆ ಪರೀಕ್ಷೆಯಲ್ಲಿ ಸಿಕ್ಕಿಬಿದ್ದು 10 ದಿನ ಅಮಾನತಾದರು. ಬೇಕೆಂದೇ ತೆಗೆದುಕೊಂಡಿಲ್ಲ ಎಂಬುದು ಅವರ ವಾದ.

2007ರ ಡಿಸೆಂಬರ್‌ನಲ್ಲಿ ಮಾಜಿ ಸೆನೆಟರ್ ಜಾರ್ಜ್ ಮಿಚೆಲ್ ಅವರ 409 ಪುಟಗಳ ವರದಿ ಬಂತು. ಅದರಲ್ಲಿ 89 ಆಟಗಾರರ ಹೆಸರಿತ್ತು. 2010ರಲ್ಲಿ ಮೆಗ್ವೈರ್ ಕೊನೆಗೂ ಒಪ್ಪಿಕೊಂಡರು: 1998ರಲ್ಲೂ ಬಳಸಿದ್ದು ನಿಜ. 2014ರಲ್ಲಿ ಅಲೆಕ್ಸ್ ರಾಡ್ರಿಗಸ್ ಇಡೀ ಋತು, ಅಂದರೆ 162 ಪಂದ್ಯ, ಹೊರಗೆ ಕೂತರು.

ಇಲ್ಲಿ ಒಂದು ಎಚ್ಚರ ಬೇಕು. ಬಾಂಡ್ಸ್ ತಾನು ಗೊತ್ತಿದ್ದೂ ಸ್ಟೀರಾಯ್ಡ್ ಬಳಸಿಲ್ಲ ಎಂದೇ ಹೇಳಿದ್ದಾರೆ. ನ್ಯಾಯಕ್ಕೆ ಅಡ್ಡಿಪಡಿಸಿದರೆಂದು 2011ರಲ್ಲಿ ಅವರ ಮೇಲೆ ಬಂದಿದ್ದ ತೀರ್ಪು 2015ರಲ್ಲಿ ರದ್ದಾಯಿತು. ಪ್ರಸಿದ್ಧ ಪಿಚರ್ ರೋಜರ್ ಕ್ಲೆಮೆನ್ಸ್ ಸಂಸತ್ತಿಗೆ ಸುಳ್ಳು ಹೇಳಿದರೆಂಬ ಮೊಕದ್ದಮೆಯಲ್ಲಿ 2012ರಲ್ಲಿ ಖುಲಾಸೆಯಾದರು. ‘ಜೈಲಿಗೆ ಹಾಕಿದ್ರು’, ‘ದಾಖಲೆ ಅಳಿಸಿ ಹಾಕಿದ್ರು’ ಎಂಬ ಸಂದೇಶ ಬಂದರೆ ಅದು ಸುಳ್ಳು. 73ನೇ ಅಂಕಿ ಇಂದಿಗೂ ಅಧಿಕೃತ ದಾಖಲೆಯೇ.

ಈಗ ವಿಜ್ಞಾನದ ಕಡೆ ಬರೋಣ.

ನಂಬಿಕೆ 1: ಸ್ಟೀರಾಯ್ಡ್ ಅಂದರೆ ಎಲ್ಲ ಒಂದೇ

ತಪ್ಪು. ಇದು ಅಪಾಯಕಾರಿ ತಪ್ಪು ಕೂಡ.

ಸ್ಟೀರಾಯ್ಡ್ ಎಂಬುದು ಒಂದು ದೊಡ್ಡ ಕುಟುಂಬದ ಹೆಸರು. ಬೇಸ್‌ಬಾಲ್ ಆಟಗಾರರು ಬಳಸಿದ್ದು ಅನಬಾಲಿಕ್ ಸ್ಟೀರಾಯ್ಡ್. ಇದು ಟೆಸ್ಟೊಸ್ಟೆರಾನ್ ಎಂಬ ಗಂಡಸರ ಹಾರ್ಮೋನಿನ ನಕಲು. ಸ್ನಾಯು ಬೆಳೆಸುತ್ತದೆ.

ಆಸ್ತಮಾ ಇನ್‌ಹೇಲರ್‌ನಲ್ಲಿ, ಚರ್ಮದ ಮುಲಾಮಿನಲ್ಲಿ, ಕೋವಿಡ್ ಕಾಲದಲ್ಲಿ ಕೊಟ್ಟ ಡೆಕ್ಸಾಮೆಥಾಸೋನ್‌ನಲ್ಲಿ ಇರುವುದು ಕಾರ್ಟಿಕೊಸ್ಟೀರಾಯ್ಡ್. ಇದು ಮೂತ್ರಪಿಂಡದ ಮೇಲೆ ಟೋಪಿಯಂತೆ ಕೂತಿರುವ ಅಡ್ರಿನಲ್ ಗ್ರಂಥಿಯ ಹಾರ್ಮೋನಿನ ನಕಲು. ಊತ ಇಳಿಸುತ್ತದೆ. ಸ್ನಾಯು ಬೆಳೆಸುವುದು ಹಾಗಿರಲಿ, ಹೆಚ್ಚು ಪ್ರಮಾಣದಲ್ಲಿ ಬಹಳ ಕಾಲ ತೆಗೆದುಕೊಂಡರೆ ಸ್ನಾಯುವನ್ನೂ ಮೂಳೆಯನ್ನೂ ದುರ್ಬಲಗೊಳಿಸುತ್ತದೆ.

ಆಟಗಾರರ ಸುದ್ದಿ ಓದಿ ಹೆದರಿ, ಮಗುವಿನ ಇನ್‌ಹೇಲರ್ ನಿಲ್ಲಿಸುವ ತಂದೆತಾಯಿ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಇನ್‌ಹೇಲರ್ ನಿಲ್ಲಿಸಿದರೆ ಉಸಿರಾಟದ ತೊಂದರೆ ಜೋರಾಗಬಹುದು. ದಿನಗಟ್ಟಲೆ ನುಂಗುತ್ತಿರುವ ಕಾರ್ಟಿಕೊಸ್ಟೀರಾಯ್ಡ್ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಕುತ್ತು ಬರಬಹುದು. ಏನೇ ಬದಲಾವಣೆ ಇದ್ದರೂ ವೈದ್ಯರನ್ನು ಕೇಳಿಯೇ ಮಾಡಿ.

ನಂಬಿಕೆ 2: ಸ್ಟೀರಾಯ್ಡ್‌ನಿಂದ ಏನೂ ಆಗಲ್ಲ, ಎಲ್ಲ ಕಸರತ್ತಿನ ಫಲ

ಇದೂ ತಪ್ಪು. ಸಿಕ್ಕಿಬಿದ್ದ ಆಟಗಾರರ ಅಭಿಮಾನಿಗಳು ಬಹಳ ಕಾಲ ಈ ಮಾತು ಹೇಳುತ್ತಿದ್ದರು. ಒಂದು ಕಾಲಕ್ಕೆ ವೈದ್ಯರಲ್ಲೂ ಕೆಲವರು ಇದನ್ನೇ ಹೇಳುತ್ತಿದ್ದರು.

ಉತ್ತರ ಕೊಟ್ಟದ್ದು ಭಾರತ ಮೂಲದ ವೈದ್ಯ ಶಾಲೇಂದರ್ ಭಸಿನ್ ಮತ್ತು ಅವರ ತಂಡ ಅಮೆರಿಕದಲ್ಲಿ ನಡೆಸಿ 1996ರಲ್ಲಿ ಪ್ರಕಟಿಸಿದ ಪ್ರಯೋಗ. ಭಾರ ಎತ್ತಿ ಅಭ್ಯಾಸವಿದ್ದ ಆರೋಗ್ಯವಂತ ಗಂಡಸರನ್ನು ನಾಲ್ಕು ಗುಂಪು ಮಾಡಿ 10 ವಾರ ಗಮನಿಸಿದರು. ಕೆಲವರಿಗೆ ವಾರಕ್ಕೆ 600 ಮಿಲಿಗ್ರಾಂ ಟೆಸ್ಟೊಸ್ಟೆರಾನ್, ಕೆಲವರಿಗೆ ಅದರಂತೆಯೇ ಕಾಣುವ ಔಷಧಿಯಿಲ್ಲದ ಇಂಜೆಕ್ಷನ್. ಪ್ರತಿಯೊಂದರಲ್ಲೂ ಅರ್ಧ ಜನ ವ್ಯಾಯಾಮ ಮಾಡಿದರು, ಅರ್ಧ ಜನ ಮಾಡಲಿಲ್ಲ.

ಫಲಿತಾಂಶ ಹೀಗಿತ್ತು. ಔಷಧಿಯಿಲ್ಲದೆ ಬರೀ ವ್ಯಾಯಾಮ ಮಾಡಿದವರ ಕೊಬ್ಬಿಲ್ಲದ ತೂಕ ಸುಮಾರು 2 ಕಿಲೊ ಏರಿತು. ವ್ಯಾಯಾಮ ಮಾಡದೆ ಬರೀ ಔಷಧಿ ತೆಗೆದುಕೊಂಡವರದು ಸುಮಾರು 3 ಕಿಲೊ. ಎರಡನ್ನೂ ಮಾಡಿದವರದು ಸುಮಾರು 6 ಕಿಲೊ.

ಅಂದರೆ ಬೆವರು ಸುರಿಸಿದವನಿಗಿಂತ ಸುಮ್ಮನೆ ಕೂತು ಇಂಜೆಕ್ಷನ್ ತೆಗೆದುಕೊಂಡವನ ಸ್ನಾಯು ಹೆಚ್ಚು ಬೆಳೆಯಿತು. ಪ್ರಾಮಾಣಿಕವಾಗಿ ಆಡುವವನಿಗೆ ಇದಕ್ಕಿಂತ ನೋವಿನ ಸುದ್ದಿ ಬೇರೆ ಇಲ್ಲ. ಆದರೆ ಆಟಗಾರರು ಶ್ರಮಪಡಲಿಲ್ಲ ಎಂದೂ ಇದರ ಅರ್ಥವಲ್ಲ. ಅವರು ಎರಡನ್ನೂ ಮಾಡಿದವರು. ಸ್ಟೀರಾಯ್ಡ್ ತೆಗೆದುಕೊಂಡವರು ಕಠಿಣ ಅಭ್ಯಾಸದಿಂದ ಬೇಗ ಚೇತರಿಸಿಕೊಳ್ಳುತ್ತೇವೆ, ಮರುದಿನ ಮತ್ತೆ ಭಾರ ಎತ್ತಬಲ್ಲೆವು ಎನ್ನುತ್ತಾರೆ. ಹಾಗಾಗಿ ಅವರ ಶ್ರಮಕ್ಕೆ ಬೇರೆಯವರ ಶ್ರಮಕ್ಕಿಂತ ಹೆಚ್ಚು ಬಡ್ಡಿ ಸಿಕ್ಕಿತು.

ನಂಬಿಕೆ 3: ಚೆಂಡಿಗೆ ಬ್ಯಾಟು ತಾಗಿಸುವುದು ಕೈಚಳಕ, ಅದಕ್ಕೆ ಔಷಧಿ ಏನು ಮಾಡೀತು?

ಅರ್ಧ ಸತ್ಯ. ಗಂಟೆಗೆ 150 ಕಿಲೊಮೀಟರ್ ವೇಗದಲ್ಲಿ ಬರುವ ಚೆಂಡನ್ನು ಗುರುತಿಸುವ ಕಣ್ಣನ್ನಾಗಲಿ, ಅರೆಕ್ಷಣದಲ್ಲಿ ಬ್ಯಾಟು ಬೀಸುವ ತೀರ್ಮಾನವನ್ನಾಗಲಿ ಯಾವ ಸ್ಟೀರಾಯ್ಡೂ ಕೊಡುವುದಿಲ್ಲ. ಜಿಮ್‌ನಲ್ಲಿ ದಪ್ಪಗಾದ ಯಾರೋ ಒಬ್ಬ ನಾಳೆ ಹೋಗಿ ಹೋಮ್ ರನ್ ಹೊಡೆಯಲಾರ.

ಆದರೆ ಆ ಕಣ್ಣು, ಆ ಕೈ ಮೊದಲೇ ಇದ್ದವನಿಗೆ ಸ್ನಾಯು ಸೇರಿದರೆ? ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ಭೌತವಿಜ್ಞಾನಿ ರೋಜರ್ ಟೋಬಿನ್ 2008ರಲ್ಲಿ ಇದರ ಲೆಕ್ಕ ಹಾಕಿದರು. ಸ್ನಾಯು ಶೇ 10ರಷ್ಟು ಹೆಚ್ಚಾದರೆ ಬ್ಯಾಟಿನಿಂದ ಚಿಮ್ಮುವ ಚೆಂಡಿನ ವೇಗ ಹೆಚ್ಚುವುದು ಶೇ 3ರಿಂದ 4ರಷ್ಟು ಮಾತ್ರ. ಕೇಳಲು ಏನೂ ಅಲ್ಲ ಎನಿಸುತ್ತದೆ. ಆದರೆ ಅಷ್ಟಕ್ಕೇ ಹೋಮ್ ರನ್‌ಗಳು ಶೇ 50 ಅಥವಾ ಅದಕ್ಕೂ ಹೆಚ್ಚು ಏರಬಹುದು ಎಂದು ಅವರ ಲೆಕ್ಕ ತೋರಿಸಿತು.

ಹೇಗೆ? ದೊಡ್ಡ ಹೊಡೆತಗಾರನ ಎಷ್ಟೋ ಹೊಡೆತಗಳು ಬೇಲಿಯ ಹತ್ತಿರ ಹೋಗಿ ಕ್ಯಾಚ್ ಆಗುತ್ತವೆ. ಅವುಗಳಿಗೆಲ್ಲ ಇನ್ನು ನಾಲ್ಕೈದು ಮೀಟರ್ ಸಿಕ್ಕಿದರೆ ಸಾಕು, ಕ್ಯಾಚ್‌ಗಳು ಹೋಮ್ ರನ್ ಆಗುತ್ತವೆ. ದಡದ ಅಂಚಿಗೆ ಬಂದ ನೀರು ಒಂದು ಗೇಣು ಏರಿದರೆ ಇಡೀ ಗದ್ದೆ ಮುಳುಗುವುದಿಲ್ಲವೇ? ಇದೂ ಹಾಗೆಯೇ.

ನಂಬಿಕೆ 4: ಆ ಕಾಲದ ಹೋಮ್ ರನ್‌ಗಳೆಲ್ಲ ಸ್ಟೀರಾಯ್ಡ್‌ನವು

ಇದು ಸಿಟ್ಟಿನಲ್ಲಿ ಆಡುವ ಮಾತು. 1993 ಮತ್ತು 1998ರಲ್ಲಿ ಎರಡೆರಡು ಹೊಸ ತಂಡಗಳು ಸೇರಿದವು. ಅದರಿಂದ ಮೇಲ್ಮಟ್ಟಕ್ಕೆ ಇನ್ನೂ ಬಾರದ ಪಿಚರ್‌ಗಳಿಗೂ ಅವಕಾಶ ಸಿಕ್ಕಿತು. ಡೆನ್ವರ್ ನಗರ ಸಮುದ್ರಮಟ್ಟದಿಂದ ಸುಮಾರು 1,600 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿ ತೆಳು, ಚೆಂಡು ದೂರ ಹೋಗುತ್ತದೆ. ಚೆಂಡಿನ ತಯಾರಿಕೆಯಲ್ಲಿ ಆಗುವ ಸಣ್ಣ ವ್ಯತ್ಯಾಸವೂ ಲೆಕ್ಕಕ್ಕೆ ಬರುತ್ತದೆ.

ಪುರಾವೆ ಬೇಕೇ? ಸ್ಟೀರಾಯ್ಡ್ ಭರಾಟೆಯ 2000ದಲ್ಲಿ ಎಲ್ಲ ತಂಡಗಳೂ ಸೇರಿ ಹೊಡೆದದ್ದು 5,693 ಹೋಮ್ ರನ್. ಬಿಗಿಯಾದ ಪರೀಕ್ಷೆ ಇದ್ದ 2019ರಲ್ಲಿ 6,776! ಆ ವರ್ಷದ ಚೆಂಡಿಗೆ ಗಾಳಿಯ ತಡೆ ಕಡಿಮೆ ಇತ್ತು ಎಂದು ಪರಿಶೀಲಿಸಿದ ತಜ್ಞರು ಹೇಳಿದರು. ಹಾಗಾಗಿ ಅಂಕಿ ಏರಿತೆಂದ ಮಾತ್ರಕ್ಕೆ ಎಲ್ಲರೂ ಕಳ್ಳರು ಎನ್ನುವಂತಿಲ್ಲ. ಅಭಿಮಾನಿಯ ಸಂಕಟವೂ ಇದೇ. ಯಾವ ಹೊಡೆತ ಅಪ್ಪಟ, ಯಾವುದು ಕಲಬೆರಕೆ ಎಂದು ಹಾಲಿನಲ್ಲಿ ಬೆರೆತ ನೀರಿನಂತೆ ಇಂದು ಬೇರ್ಪಡಿಸಲು ಬರುವುದಿಲ್ಲ.

ನಂಬಿಕೆ 5: ಪರೀಕ್ಷೆಯಲ್ಲಿ ಸಿಗಲಿಲ್ಲ ಅಂದರೆ ಶುದ್ಧ

ಪರೀಕ್ಷೆ ಹೇಗೆ ನಡೆಯುತ್ತದೆ ನೋಡಿ. ಆಟಗಾರನ ಮೂತ್ರದ ಮಾದರಿಯನ್ನು ಎರಡು ಬಾಟಲಿಗಳಲ್ಲಿ ಮುದ್ರೆ ಹಾಕಿ ಇಡುತ್ತಾರೆ. ಮೊದಲನೆಯದರಲ್ಲಿ ನಿಷೇಧಿತ ವಸ್ತು ಸಿಕ್ಕರೆ ಎರಡನೆಯದನ್ನೂ ನೋಡಬಹುದು.

ಟೆಸ್ಟೊಸ್ಟೆರಾನ್ ಎಲ್ಲರ ದೇಹದಲ್ಲೂ ಇರುವುದರಿಂದ ಅದು ಸಿಕ್ಕಿತೆಂದ ಮಾತ್ರಕ್ಕೆ ತಪ್ಪಲ್ಲ. ಅದರ ಜೊತೆಗೇ ಇರುವ ಎಪಿಟೆಸ್ಟೊಸ್ಟೆರಾನ್ ಜೊತೆ ಹೋಲಿಸುತ್ತಾರೆ. ಸಾಮಾನ್ಯವಾಗಿ ಎರಡೂ ಹೆಚ್ಚುಕಮ್ಮಿ ಸಮ ಇರುತ್ತವೆ. ಟೆಸ್ಟೊಸ್ಟೆರಾನ್ ನಾಲ್ಕು ಪಟ್ಟು ದಾಟಿದರೆ ಅನುಮಾನ. ಆಗ ಕಾರ್ಬನ್ ಪರೀಕ್ಷೆ ಮಾಡುತ್ತಾರೆ. ಔಷಧಿಯ ಟೆಸ್ಟೊಸ್ಟೆರಾನ್ ಅನ್ನು ಸೋಯಾದಂಥ ಗಿಡಗಳಿಂದ ತಯಾರಿಸುತ್ತಾರೆ. ಅದರಲ್ಲಿ ಭಾರದ ಕಾರ್ಬನ್ ಪರಮಾಣುಗಳ ಪ್ರಮಾಣ ನಮ್ಮ ದೇಹ ತಯಾರಿಸಿದ್ದರಲ್ಲಿ ಇರುವುದಕ್ಕಿಂತ ತುಸು ಕಡಿಮೆ. ಆ ವ್ಯತ್ಯಾಸವೇ ಕಳ್ಳನನ್ನು ಹಿಡಿದುಕೊಡುತ್ತದೆ.

ಇಷ್ಟು ಜಾಣತನವಿದ್ದರೂ ಪರೀಕ್ಷೆ ಯಾವಾಗಲೂ ಒಂದು ಹೆಜ್ಜೆ ಹಿಂದೆ. ಏನನ್ನು ಹುಡುಕಬೇಕೆಂದು ಗೊತ್ತಿದ್ದರೆ ಮಾತ್ರ ಹುಡುಕಲು ಸಾಧ್ಯ. ಟಿಎಚ್‌ಜಿ ಸಿಕ್ಕಿದ್ದು ಯಂತ್ರದಿಂದಲ್ಲ. ಒಬ್ಬ ಅಥ್ಲೆಟಿಕ್ಸ್ ತರಬೇತುದಾರ ಬಳಸಿದ ಸಿರಿಂಜನ್ನು ಅಧಿಕಾರಿಗಳಿಗೆ ಕಳಿಸಿಕೊಟ್ಟ ಮೇಲೆ, ಲಾಸ್ ಏಂಜಲೀಸ್‌ನ ಡಾನ್ ಕ್ಯಾಟ್ಲಿನ್ ಅವರ ಪ್ರಯೋಗಾಲಯ ಅದರಲ್ಲಿದ್ದ ವಸ್ತುವನ್ನು ಗುರುತಿಸಿತು.

ಇದರ ತಿರುಗುಮುರುಗೂ ನಿಜ. ಸಿಕ್ಕಿಬಿದ್ದವರೆಲ್ಲ ಬೇಕೆಂದೇ ಮೋಸ ಮಾಡಿದವರೂ ಅಲ್ಲ. ಡಬ್ಬಿಯ ಮೇಲೆ ಬರೆಯದ ಸ್ಟೀರಾಯ್ಡ್ ಬೆರೆತ ಪೂರಕ ಆಹಾರ ತಿಂದು ಸಿಕ್ಕವರಿದ್ದಾರೆ. ಆದರೆ ನಿಯಮ ಸ್ಪಷ್ಟ: ನಿನ್ನ ದೇಹದಲ್ಲಿ ಸಿಕ್ಕಿದ್ದಕ್ಕೆ ನೀನೇ ಹೊಣೆ. ಇಂದು ಅಮೆರಿಕದ ಬೇಸ್‌ಬಾಲ್‌ನಲ್ಲಿ ಮೊದಲ ಸಲ ಸಿಕ್ಕರೆ 80 ಪಂದ್ಯ, ಎರಡನೇ ಸಲ 162 ಪಂದ್ಯ, ಮೂರನೇ ಸಲ ಆಜೀವ ನಿಷೇಧ. ಆ ದಿನಗಳ ಸಂಬಳವೂ ಇಲ್ಲ.

ನಂಬಿಕೆ 6: ಎಲ್ಲರಿಗೂ ಬಿಟ್ಟುಬಿಟ್ಟರೆ ಆಟ ಸಮ ಆಗುತ್ತದಲ್ಲ?

ಈ ವಾದ ಮೊದಲು ಕೇಳಿದಾಗ ಸರಿ ಎನಿಸುತ್ತದೆ. ಆದರೆ ಒಂದೇ ಔಷಧಿಗೆ ಎಲ್ಲರ ದೇಹ ಒಂದೇ ರೀತಿ ಸ್ಪಂದಿಸುವುದಿಲ್ಲ. ಆಗ ಗೆಲ್ಲುವವನು ಒಳ್ಳೆಯ ಆಟಗಾರನಲ್ಲ, ಔಷಧಿಗೆ ಹೊಂದುವ ದೇಹವಿದ್ದವನು, ಹೆಚ್ಚು ಅಪಾಯಕ್ಕೆ ಒಡ್ಡಿಕೊಳ್ಳಲು ತಯಾರಿದ್ದವನು.

ಅಪಾಯವೂ ಸಣ್ಣದಲ್ಲ. ಹೊರಗಿನಿಂದ ಟೆಸ್ಟೊಸ್ಟೆರಾನ್ ಬಂದಾಗ ದೇಹ ತನ್ನದನ್ನು ತಯಾರಿಸುವುದನ್ನು ನಿಲ್ಲಿಸುತ್ತದೆ. ವೃಷಣಗಳು ಕುಗ್ಗುತ್ತವೆ, ವೀರ್ಯಾಣು ಕಡಿಮೆಯಾಗಿ ಮಕ್ಕಳಾಗುವುದು ಕಷ್ಟವಾಗಬಹುದು. ಹೆಚ್ಚಾದ ಹಾರ್ಮೋನಿನ ಒಂದು ಭಾಗ ಹೆಂಗಸರ ಹಾರ್ಮೋನಾಗಿ ಬದಲಾಗಿ ಗಂಡಸರಲ್ಲಿ ಎದೆ ಬೆಳೆಯಬಹುದು. ಮೊಡವೆ ಏಳುತ್ತದೆ, ತಲೆಗೂದಲು ಉದುರುತ್ತದೆ. ಕೆಟ್ಟ ಕೊಲೆಸ್ಟರಾಲ್ ಏರಿ ಒಳ್ಳೆಯದು ಇಳಿಯುತ್ತದೆ, ಹೃದಯದ ಗೋಡೆ ದಪ್ಪವಾಗುತ್ತದೆ, ಹೃದಯಾಘಾತದ ಸಾಧ್ಯತೆ ಹೆಚ್ಚುತ್ತದೆ. ನುಂಗುವ ಮಾತ್ರೆಗಳು ಲಿವರ್ ಕೆಡಿಸುತ್ತವೆ. ಹೆಂಗಸರಲ್ಲಿ ಒಡೆದ ದನಿ ಔಷಧಿ ಬಿಟ್ಟ ಮೇಲೂ ಸರಿಹೋಗದಿರಬಹುದು. ಬೆಳೆಯುವ ವಯಸ್ಸಿನ ಹುಡುಗರಲ್ಲಿ ಮೂಳೆಯ ತುದಿಗಳು ಬೇಗ ಮುಚ್ಚಿಕೊಂಡು ಎತ್ತರ ಅಲ್ಲಿಗೇ ನಿಲ್ಲಬಹುದು.

ಮನಸ್ಸಿನ ಮೇಲೂ ಪರಿಣಾಮವಿದೆ. ತೆಗೆದುಕೊಳ್ಳುವಾಗ ಸಿಡುಕು, ಬಿಟ್ಟಾಗ ಖಿನ್ನತೆ. 2005ರ ಸಂಸತ್ತಿನ ವಿಚಾರಣೆಯಲ್ಲಿ ಆಟಗಾರರಿಗಿಂತ ಮೊದಲು ಮಾತಾಡಿದವರಲ್ಲಿ ಟೆಕ್ಸಾಸ್‌ನ ಒಬ್ಬ ತಂದೆ ಇದ್ದರು. ಶಾಲಾ ತಂಡದಲ್ಲಿ ಬೇಸ್‌ಬಾಲ್ ಆಡುತ್ತಿದ್ದ ಅವರ ಮಗ ಸ್ಟೀರಾಯ್ಡ್ ಬಳಸಿ, ಬಿಟ್ಟ ಮೇಲೆ ಖಿನ್ನತೆಗೆ ಜಾರಿ, 17ನೇ ವಯಸ್ಸಿಗೆ ಆತ್ಮಹತ್ಯೆ ಮಾಡಿಕೊಂಡಿದ್ದ. ಸ್ಟೀರಾಯ್ಡ್‌ನಿಂದಲೇ ಹಾಗಾಯಿತು ಎಂಬುದು ಆ ಕುಟುಂಬದ ಬಲವಾದ ನಂಬಿಕೆ. ದೊಡ್ಡವರು ಮಾಡುವುದನ್ನು ಮಕ್ಕಳು ನೋಡುತ್ತಿರುತ್ತಾರೆ ಎಂಬುದೇ ಅವರ ಮಾತಿನ ಸಾರ.

ಇಲ್ಲೂ ಒಂದು ಉತ್ಪ್ರೇಕ್ಷೆ ಓಡಾಡುತ್ತದೆ. 2004ರಲ್ಲಿ 41ನೇ ವಯಸ್ಸಿಗೆ ತೀರಿಕೊಂಡ ಕ್ಯಾಮಿನಿಟಿಯನ್ನು ಸ್ಟೀರಾಯ್ಡ್ ಕೊಂದಿತು ಎನ್ನುವುದುಂಟು. ಮರಣೋತ್ತರ ಪರೀಕ್ಷೆ ಹೇಳಿದ ಮುಖ್ಯ ಕಾರಣ ಕೊಕೇನ್ ಮತ್ತು ಅಫೀಮಿನ ಜಾತಿಯ ಮಾದಕ ವಸ್ತುಗಳ ಮಿತಿಮೀರಿದ ಸೇವನೆ. ಹೃದಯ ದೊಡ್ಡದಾಗಿತ್ತು, ರಕ್ತನಾಳವೂ ಕೆಟ್ಟಿತ್ತು ಎಂಬುದು ನಿಜ. ಆದರೆ ಒಳ್ಳೆಯ ಉದ್ದೇಶಕ್ಕೂ ಸುಳ್ಳು ಸೇರಿಸುವ ಅಗತ್ಯವಿಲ್ಲ. ಸತ್ಯವೇ ಸಾಕಷ್ಟು ಭಯ ಹುಟ್ಟಿಸುವಂತಿದೆ.

ಹಾಗಾದರೆ ಅಭಿಮಾನಿಗೆ ಆದ ನಷ್ಟವೇನು?

ಬ್ಯಾರಿ ಬಾಂಡ್ಸ್ 2007ರ ಆಗಸ್ಟ್ 7ರಂದು ಹ್ಯಾಂಕ್ ಆರನ್ ಅವರ 755ನ್ನು ದಾಟಿದರು. ಆ 756ನೇ ಹೋಮ್ ರನ್‌ನ ಚೆಂಡನ್ನು ಮಾರ್ಕ್ ಎಕೊ ಎಂಬ ವಸ್ತ್ರವಿನ್ಯಾಸಕಾರ 7,52,467 ಡಾಲರ್ ಕೊಟ್ಟು ಕೊಂಡು, ಇದನ್ನು ಏನು ಮಾಡಲಿ ಎಂದು ಜನರನ್ನೇ ಇಂಟರ್ನೆಟ್‌ನಲ್ಲಿ ಕೇಳಿದರು. ಹೆಚ್ಚು ಮತ ಬಂದದ್ದು, ಚೆಂಡಿನ ಮೇಲೆ ನಕ್ಷತ್ರ ಚಿಹ್ನೆ ಕೊರೆದು ವಸ್ತುಸಂಗ್ರಹಾಲಯಕ್ಕೆ ಕೊಡಿ ಎಂಬುದಕ್ಕೆ. ಪುಸ್ತಕದಲ್ಲಿ ‘ಷರತ್ತು ಅನ್ವಯ’ ಎನ್ನಲು ಹಾಕುವ ಚುಕ್ಕೆಯಂಥ ಗುರುತು ಅದು. ಚೆಂಡು ಆ ಗುರುತಿನೊಂದಿಗೇ ಕೂಪರ್ಸ್‌ಟೌನ್‌ನ ಬೇಸ್‌ಬಾಲ್ ಕೀರ್ತಿಭವನ ಸೇರಿತು. ಚೆಂಡು ಒಳಗೆ ಹೋಯಿತು, ಹೊಡೆದವರು ಹೊರಗೇ ಉಳಿದರು. ಕೀರ್ತಿಭವನಕ್ಕೆ ಆಯ್ಕೆಯಾಗಲು ಹಿರಿಯ ಕ್ರೀಡಾ ಬರಹಗಾರರ ಶೇ 75 ಮತ ಬೇಕು. 2022ರ ಕೊನೆಯ ಅವಕಾಶದಲ್ಲಿ ಬಾಂಡ್ಸ್‌ಗೆ ಸಿಕ್ಕಿದ್ದು ಶೇ 66, ಕ್ಲೆಮೆನ್ಸ್‌ಗೆ ಶೇ 65.2. ಮೆಗ್ವೈರ್ ಶೇ 25ನ್ನೂ ದಾಟಲಿಲ್ಲ.

ಅಭಿಮಾನಿಯ ಸಿಟ್ಟಿಗೆ ಮೂರು ಬೇರುಗಳಿವೆ. ಮೊದಲನೆಯದು, ಅಂಕಿಗಳು ಅರ್ಥ ಕಳೆದುಕೊಂಡದ್ದು. 60, 61, 755 ಎಂದು ಮಕ್ಕಳಿಗೆ ಹೇಳಿಕೊಡುತ್ತಿದ್ದವರು ಈಗ ಪ್ರತಿ ಅಂಕಿಯ ಜೊತೆ ‘ಆದರೆ’ ಎನ್ನಬೇಕು.

ಎರಡನೆಯದು, ಹೆಸರೇ ಇಲ್ಲದ ಆಟಗಾರ. ತಂಡದ ಕೊನೆಯ ಜಾಗಕ್ಕೆ ಇಬ್ಬರು ಪೈಪೋಟಿ ನಡೆಸಿದರು, ಒಬ್ಬ ತೆಗೆದುಕೊಂಡ, ಇನ್ನೊಬ್ಬ ತೆಗೆದುಕೊಳ್ಳಲಿಲ್ಲ. ತೆಗೆದುಕೊಳ್ಳದವನು ಕೆಳದರ್ಜೆಯ ಲೀಗಿನಲ್ಲೇ ಉಳಿದು ಊರಿಗೆ ಮರಳಿದ. ಅವನ ಫೋಟೊ ಯಾರ ಫೋನಿಗೂ ಬರುವುದಿಲ್ಲ. ಅವನು ಮಾಡಿದ ತಪ್ಪೆಂದರೆ ನಿಯಮ ಪಾಲಿಸಿದ್ದು.

ಮೂರನೆಯದು, ತಪ್ಪು ಹಂಚಿಕೆಯಾದ ರೀತಿ. 1991ರಲ್ಲೇ ಆಗಿನ ಆಯುಕ್ತರು ಸ್ಟೀರಾಯ್ಡ್ ಬಳಸುವಂತಿಲ್ಲ ಎಂದು ತಂಡಗಳಿಗೆ ಸುತ್ತೋಲೆ ಕಳಿಸಿದ್ದರು. ಆದರೆ ಆಟಗಾರರ ಸಂಘದ ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿರಲಿಲ್ಲ, ಸಂಘ ವರ್ಷಗಟ್ಟಲೆ ಒಪ್ಪಲಿಲ್ಲ. ಇತ್ತ ಹೋಮ್ ರನ್ ಹೆಚ್ಚಾದಷ್ಟೂ ಟಿಕೆಟ್ ಮಾರಾಟವಾಗುತ್ತಿತ್ತು, ಮಾಲೀಕರೂ ಕಣ್ಣು ಮುಚ್ಚಿದರು. ಹೊಣೆ ಎಲ್ಲರದೂ ಎಂದು ಮಿಚೆಲ್ ವರದಿಯೇ ಹೇಳಿತು. ಆದರೂ ಆ ಕಾಲದ ಆಯುಕ್ತ ಬಡ್ ಸೀಲಿಗ್ 2017ರಲ್ಲಿ ಕೀರ್ತಿಭವನ ಸೇರಿದರು. ಬೇಲಿ ಕಾಯಬೇಕಾದವನಿಗೆ ಸನ್ಮಾನ, ಮೇಯ್ದ ದನಕ್ಕೆ ಮಾತ್ರ ಏಟು ಎಂದು ಅಭಿಮಾನಿ ಗೊಣಗಿದರೆ ತಪ್ಪೇನು?

ಅಂದು ಚಪ್ಪಾಳೆ ತಟ್ಟಿದ, ಕಪಾಟಿನಲ್ಲಿ ಇಣುಕಿದವನನ್ನು ಬೈದ ನೆನಪು ಅಭಿಮಾನಿಗೂ ಇದೆ. ತಾನೂ ನೋಡಲು ಬಯಸಲಿಲ್ಲ ಎಂಬ ಅರಿವು ಆ ಸಿಟ್ಟನ್ನು ಇನ್ನಷ್ಟು ಕಹಿ ಮಾಡುತ್ತದೆ.

ಇದು ನಮಗೆ ಯಾಕೆ ಬೇಕು?

ಉದ್ದೀಪನ ಮದ್ದಿನ ಕಥೆ ಅಮೆರಿಕಕ್ಕೆ ಸೀಮಿತವಲ್ಲ. 2010ರ ಕಾಮನ್‌ವೆಲ್ತ್ ಮತ್ತು ಏಷ್ಯನ್ ಕ್ರೀಡಾಕೂಟದ ರಿಲೇಯಲ್ಲಿ ಚಿನ್ನ ಗೆದ್ದ ಓಟಗಾರ್ತಿಯರಲ್ಲಿ ನಮ್ಮ ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿ ಕೂಡ ಒಬ್ಬರು. ಮರುವರ್ಷ ಅವರೂ ತಂಡದ ಇನ್ನೂ ಕೆಲವರೂ ಅನಬಾಲಿಕ್ ಸ್ಟೀರಾಯ್ಡ್ ಪರೀಕ್ಷೆಯಲ್ಲಿ ಸಿಕ್ಕರು, ನಿಷೇಧ ಅನುಭವಿಸಿದರು. ತರಬೇತುದಾರರು ಕೊಟ್ಟ ಪೂರಕ ಆಹಾರದಿಂದ ಹೀಗಾಯಿತು ಎಂಬುದು ಓಟಗಾರ್ತಿಯರ ಅಳಲಾಗಿತ್ತು. ವಿದೇಶಿ ತರಬೇತುದಾರರನ್ನು ಸರ್ಕಾರ ತೆಗೆದುಹಾಕಿತು. ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯ ಲೆಕ್ಕದಂತೆ 2023ರಲ್ಲಿ ಭಾರತದ 5,606 ಮಾದರಿಗಳಲ್ಲಿ 213 ಸಿಕ್ಕಿಬಿದ್ದವು.

ಇನ್ನು ಪದಕದ ಆಸೆಯೇ ಇಲ್ಲದ, ಫೋಟೊದಲ್ಲಿ ಚೆನ್ನಾಗಿ ಕಾಣಬೇಕೆಂದು ಜಿಮ್‌ಗೆ ಹೋಗುವ ಹುಡುಗರ ವಿಷಯ. ಅವರಿಗೆ ಪರೀಕ್ಷೆಯೂ ಇಲ್ಲ, ತಡೆಯುವವರೂ ಇಲ್ಲ. ಇಲ್ಲಿ ಒಂದು ಗೊಂದಲ ಬೇಡ. ಹಾಲಿನಿಂದ ತೆಗೆದ ಪ್ರೊಟೀನ್ ಪುಡಿ ಸ್ಟೀರಾಯ್ಡ್ ಅಲ್ಲ. ಆದರೆ ‘ಮೂರೇ ವಾರದಲ್ಲಿ ದೇಹ’ ಎಂದು ಬಿಲ್ ಇಲ್ಲದೆ, ಪರವಾನಗಿ ಸಂಖ್ಯೆ ಇಲ್ಲದೆ ಕೈಗೆ ಬರುವ ಡಬ್ಬಿಯಲ್ಲಿ ಏನಿದೆ ಎಂದು ಮಾರುವವನಿಗೂ ಗೊತ್ತಿರುವುದಿಲ್ಲ. ಅನಬಾಲಿಕ್ ಸ್ಟೀರಾಯ್ಡ್ ಅನ್ನು ವೈದ್ಯರ ಚೀಟಿ ಇಲ್ಲದೆ ನಮ್ಮ ದೇಶದಲ್ಲಿ ಮಾರುವಂತಿಲ್ಲ. ಜಿಮ್ ತರಬೇತುದಾರ ವೈದ್ಯನಲ್ಲ.

ಮನೆಯ ಹುಡುಗನೊಬ್ಬ ಎರಡೇ ತಿಂಗಳಲ್ಲಿ ಅತಿಯಾಗಿ ದಪ್ಪಗಾದರೆ, ಬೆನ್ನಿನ ತುಂಬ ಮೊಡವೆ ಎದ್ದರೆ, ಸುಮ್ಮಸುಮ್ಮನೆ ರೇಗುತ್ತಿದ್ದರೆ ಬೈಯುವ ಮೊದಲು ಕೂರಿಸಿ ಕೇಳಿ. ಈಗಾಗಲೇ ತೆಗೆದುಕೊಳ್ಳುತ್ತಿದ್ದರೆ ನಾಚಿಕೆಪಡದೆ ವೈದ್ಯರ ಬಳಿ ಕರೆದೊಯ್ಯಿರಿ. ಬಿಟ್ಟ ಮೇಲೆ ಕೆಲವು ತಿಂಗಳು ಮನಸ್ಸು ಕುಗ್ಗಬಹುದು, ಆಗ ಅವನನ್ನು ಒಂಟಿಯಾಗಿ ಬಿಡಬೇಡಿ.

ಮುಂದೆ ಕಳಿಸುವ ಮೊದಲು

ಮುಂದಿನ ಸಲ ಎರಡು ಫೋಟೊಗಳ ಸಂದೇಶ ಬಂದಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ಹೆಸರಿಸಿದ ಆಟಗಾರ ಪರೀಕ್ಷೆಯಲ್ಲಿ ಸಿಕ್ಕಿದ್ದಾರೆಯೇ ಅಥವಾ ಒಪ್ಪಿಕೊಂಡಿದ್ದಾರೆಯೇ, ಇಲ್ಲ ಇದು ಬರೀ ಊಹೆಯೇ? ಎರಡು ಫೋಟೊಗಳ ನಡುವೆ ಎಷ್ಟು ವರ್ಷದ ಅಂತರವಿದೆ? ಇಪ್ಪತ್ತರ ಹುಡುಗ ನಲವತ್ತಕ್ಕೆ ದಪ್ಪಗಾಗಲು ಇಂಜೆಕ್ಷನ್ನೇ ಬೇಕಿಲ್ಲ. ಈ ಸಂದೇಶ ಓದಿ ಯಾರಾದರೂ ಬೇಕಾದ ಔಷಧಿ ಬಿಡುವ, ಅಥವಾ ಬೇಡದ ಔಷಧಿ ಹಿಡಿಯುವ ಸಾಧ್ಯತೆ ಇದೆಯೇ?

ಒಂದಕ್ಕೂ ಉತ್ತರ ಗೊತ್ತಿಲ್ಲದಿದ್ದರೆ ಸಂದೇಶ ನಿಮ್ಮ ಫೋನಿನಲ್ಲೇ ನಿಲ್ಲಲಿ. ಸುಳ್ಳು ಅಂಕಿಗಳನ್ನು ನಂಬಿ ಚಪ್ಪಾಳೆ ತಟ್ಟಿದವರ ಬೇಸರ ಎಂಥದ್ದು ಎಂದು ಆ ಬೇಸ್‌ಬಾಲ್ ಅಭಿಮಾನಿಯನ್ನು ಕೇಳಿದರೆ ಗೊತ್ತಾಗುತ್ತದೆ.